ಅಸ್ಥಿರ ಎಂದು ಬರೆದವನು

ಹುಲಿಗೆವ್ವ, ನಿನ್ನ ಹೆಸರಿನ ಮುಂದೆ ‘ಅಸ್ಥಿರ’ ಎಂದು ಬರೆದವನು ನಾನು. ಊರು ಕಾಯುವ ತಳವಾರ ಭೀಮಣ್ಣನಲ್ಲ.

ವಳಕಮದಿನ್ನಿಗೆ ಕಾಲುವೆ ಬರುತ್ತದೆಂದು ಊರೆಲ್ಲ ಕಾಯುತ್ತಿದ್ದ ವರ್ಷ ಅದು. ಹೊಸ ಓಣಿಯಲ್ಲಿ ಮನೆ ಜಾಗ ಕೊಡುವುದಿತ್ತು. ಪಟ್ಟಿ ಬರೆಯುವ ಕೆಲಸ ಶಾಲೆ ಮಾಸ್ತರನಾದ ನನಗೆ ಬಂತು. ಅಸ್ಥಿರ ಎಂದರೆ ನೆಲೆಯಿಲ್ಲದ್ದು, ನಿಲ್ಲದ್ದು — ಮೋಡಕ್ಕೆ, ಮನಸ್ಸಿಗೆ ಆ ಪದ ಬಳಸುವುದನ್ನು ಮಕ್ಕಳಿಗೆ ಕಲಿಸಿದವನು ನಾನೇ. ಆ ಪದ ಬಿದ್ದವರಿಗೆ ಜಾಗ ಸಿಗದೆಂದು ಗೊತ್ತಿದ್ದೂ ನಿನಗೇಕೆ ಬಳಸಿದೆ? ನಿನ್ನ ಕುರಿಗಳು ಶಾಲೆಯ ಅಂಗಳಕ್ಕೆ ನುಗ್ಗಿ ಪ್ರಾರ್ಥನೆಯ ಸಾಲು ಕೆಡಿಸಿದ್ದವು. ಅಷ್ಟೇ.

ಸಿಂಧನೂರಿನಿಂದ ಸಾಹೇಬರು ವಿಚಾರಣೆಗೆ ಬಂದರು. “ತಿರುಗಾಡೋರಿಗೆ ಮನಿ ಯಾಕವ್ವ?”

ನೀನು ಸೆರಗು ಸರಿಮಾಡಿಕೊಂಡೆ. “ಜ್ವಾಳ ಕೊಯ್ದ ಮರುದಿನ ಬರ್ತೀನ್ರಿ. ಮಿರಗದ ಮಳಿಗೆ ಕರಿ ಹೊಲದಾಗ ಕುರಿ ಕಾಲು ಹುಗೀತಾವ, ಮಸ್ಕಿ ಗುಡ್ಡಕ್ಕ ಹೋಗ್ತೀನ್ರಿ. ನನ್ನ ದಿನ ನಾ ಹೇಳೀನಿ. ನಿಮ್ಮ ಕಾಲುವಿ ಯಾವಾಗ ಬರತೈತಿ, ನೀವು ಹೇಳ್ರಿ ನೋಡೂಣು.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಸಾಹೇಬರೂ ನಕ್ಕರು. ಗೊಬ್ಬರಕ್ಕೆಂದು ನೀನು ಯಾರ ಹೊಲದಲ್ಲಿ ಎಷ್ಟು ದಿನ ಕುರಿ ನಿಲ್ಲಿಸುತ್ತೀ, ಆಮೇಲೆ ಯಾರ ಹೊಲ — ರೈತರು ಒಬ್ಬೊಬ್ಬರಾಗಿ ಎದ್ದು ಆ ಸರದಿಯನ್ನು ಮಗ್ಗಿಯಂತೆ ಒಪ್ಪಿಸಿದರು. ಮುದುಕ ಬಸಪ್ಪ ನನ್ನ ಕಡೆ ನೋಡಿ, “ಮಾಸ್ತರ ಗಂಟಿ ತಪ್ಪಬೌದ್ರಿ, ಈಕಿ ಪಾಳಿ ತಪ್ಪಂಗಿಲ್ಲ” ಎಂದ. ಸಾಹೇಬರು ಕೆಂಪು ಶಾಯಿಯಲ್ಲಿ ನನ್ನ ಪದವನ್ನು ಹೊಡೆದುಹಾಕಿದರು. ನೀನು ಗೆದ್ದೆ — ಇಡೀ ಊರಿನ ಎದುರು, ತಲೆಯೆತ್ತಿ.

“ಇದನ್ನ ಬರಸಿದವ್ರು ಯಾರು?” ಸಾಹೇಬರು ಕೇಳಿದರು.

“ತಳವಾರ ಹೇಳಿದ್ದನ್ನೇ ಬರ್ದೀನ್ರಿ,” ಎಂದೆ ನಾನು.

ಭೀಮಣ್ಣ ಬಾಯಿ ತೆರೆದ, ನನ್ನನ್ನು ನೋಡಿದ, ಮುಚ್ಚಿಕೊಂಡ. ಮಾಸ್ತರನ ಮಾತಿಗೆ ಎದುರಾಡುವುದು ಅವನಿಂದ ಆಗಲಿಲ್ಲ. ನೀನು ಅವನೊಂದಿಗೆ ಅಂದೇ ಮಾತು ಬಿಟ್ಟೆ. ನನಗೋ — ನಿನ್ನ ಮನೆ ಎದ್ದ ದಿನ, ನೀನು ಕೈಯಾರೆ ನೂತ ಉಣ್ಣೆಯ ಕಂಬಳಿ ಹೊದಿಸಿದೆ. “ಪಟ್ಟಿಯೊಳಗ ನನ್ನ ಹೆಸರು ಮೊದಲು ಬರ್ದವ್ರು ನೀವಽ ಅಲ್ಲೇನ್ರಿ” ಎಂದೆ ನೀನು. ನಾನು ಹೊದ್ದುಕೊಂಡೆ. ಇಷ್ಟು ವರ್ಷ ಹೊದ್ದುಕೊಂಡೇ ಇದ್ದೇನೆ.

ಈಗಲೂ ಐದಕ್ಕೆ ಏಳುತ್ತೇನೆ, ಆರಕ್ಕೆ ಸ್ನಾನ. ನಿನ್ನ ಕಲ್ಲಿನ ಮನೆ ನಾನು ದಿನವೂ ನಡೆಯುವ ದಾರಿಯಲ್ಲೇ ಇದೆ. ಬಾಗಿಲ ಮೇಲೆ ನಿನ್ನ ಹೆಸರು, ಹಿತ್ತಲಲ್ಲಿ ಕುರಿಹಟ್ಟಿ. ಅದನ್ನು ನೋಡಿದಾಗ ಎದೆ ತುಂಬುತ್ತದೆ. ಹಾಗೆ ತುಂಬುವ ಹಕ್ಕು ನನಗಿಲ್ಲ ಎಂಬುದೂ —

ನಾಳೆ ಏಳು ಗಂಟೆಗೆ ಬರುತ್ತೇನೆ. ಈ ಕಾಗದವನ್ನು ನಿನ್ನ ಅಂಗಳದಲ್ಲೇ ನಿಂತು, ಓಣಿಗೆ ಕೇಳುವಂತೆ ಓದುತ್ತೇನೆ. ಜೊತೆಗೆ ಭೀಮಣ್ಣ ಇರುತ್ತಾನೆ. ಕಂಬಳಿ ಅವನ ಹೆಗಲ ಮೇಲಿರುತ್ತದೆ.