ಶಾಲು ಯಾರ ಹೆಗಲಿಗೆ

ಕಾಶಿಯ ಪಾಠಶಾಲೆಗಳಲ್ಲಿ ಧರ್ಮಶಾಸ್ತ್ರವನ್ನು ಬಾಯಿಪಾಠ ಮಾಡಿಸಿದವರು ಹಲವರು. ಅದನ್ನು ಬಾಳಿಗೆ ಹಚ್ಚಿ ನೋಡಿದವರಲ್ಲಿ ಪಂಡಿತ ಚಂದ್ರಮೌಳಿ ಉಪಾಧ್ಯಾಯರು ಮಾನ್ಯರು. ವರ್ಣವೆಂಬುದು ಹುಟ್ಟಿನ ಗುರುತಲ್ಲ, ಸ್ವಭಾವ ತಾನೇ ಹುಡುಕಿಕೊಳ್ಳುವ ಕೆಲಸ ಎಂದು ಅವರು ಜೀವಮಾನವಿಡೀ ಬೋಧಿಸಿದರು. ಹೊಸ ವಿದ್ಯಾರ್ಥಿಗೆ ಮೊದಲು ಪಾಠವಿಲ್ಲ, ಊಟದ ಪಂಕ್ತಿಯಲ್ಲಿ ನೀರು ಬಡಿಸುವ ಕೆಲಸ. ಯಾರು ಜಗಳ ಬಿಡಿಸುತ್ತಾರೆ, ಯಾರು ಬಡಿಸುತ್ತಲೇ ಶ್ಲೋಕ ಗುನುಗುತ್ತಾರೆ ಎಂದು ಅವರು ಸುಮ್ಮನೆ ನೋಡುತ್ತಿದ್ದರು. ಹಾಗೆ ನೋಡುತ್ತಲೇ ದೋಣಿಯವರ ಮನೆಯ ಸುಮೇರ ನಿಷಾದನನ್ನು ಪಾಠಕ್ಕೆ ಕೂರಿಸಿದರು. ತೊದಲುತ್ತಿದ್ದ ಅವನಿಗೆ ವರ್ಷವಿಡೀ ತಾವೇ ಪ್ರತಿ ಶ್ಲೋಕದ ಮೊದಲಕ್ಷರ ಎತ್ತಿಕೊಟ್ಟರು.

ನಿವೃತ್ತಿಯ ದಿನ ಉತ್ತರಾಧಿಕಾರಿಗೆ ಶಾಲು ಹೊದಿಸುವುದು ಅಲ್ಲಿನ ಸಂಪ್ರದಾಯ. ಒಂದು ಕಡೆ ಮಗ ಗಿರಿಜೇಶ, ಇನ್ನೊಂದು ಕಡೆ ಸುಮೇರ. ಉಪಾಧ್ಯಾಯರು ಶಾಲು ಹಿಡಿದು ನಡುವೆ ನಿಂತರು. ಕಲಿಸಿದ್ದೆಲ್ಲ ಬರೀ ಪಾಠವಾಗಿಯೇ ಉಳಿದೀತೇ? ಇನ್ನೊಬ್ಬನ ಸ್ವಭಾವ ಅಳೆಯಲು ತಾನು ಯಾರು? ಅಳತೆ ತಪ್ಪಿದ್ದರೆ? ಆ ಅಳುಕಿನಲ್ಲೇ ಅವರು ಸುಮೇರನತ್ತ ಹೆಜ್ಜೆಯಿಟ್ಟರು.

"ಪಂಡಿತ್‌ಜೀ, ಕಣ್ಣು ಮಂಜಾಯ್ತೇನು? ನಿಮ್ಮ ಮಗ ಈ ಕಡೆ ಕೂತಿದಾನೆ!" ಎಂದರು ಮುಂದಿನ ಸಾಲಿನ ಧರ್ಮದರ್ಶಿಯೊಬ್ಬರು.

ಗಿರಿಜೇಶನೇ ನಕ್ಕುಬಿಟ್ಟ. "ಬಿಡಿ ಕಾಕಾ, ನನ್ನ ಗಂಟಲಲ್ಲಿ ಶ್ಲೋಕ ನಿಲ್ಲಲ್ಲ, ಅಂಗಡೀಲಿ ಗಿರಾಕಿ ನಿಲ್ತಾರೆ. ರುದ್ರಾಕ್ಷಿ ಬೇಕಾದ್ರೆ ಬನ್ನಿ." ಅಪ್ಪನತ್ತ ತಿರುಗಿದ. "ಬಾಬೂಜಿ, ಹೊದಿಸಿ, ಕೈ ಸೋತೀತು."

ಶಾಲು ಸುಮೇರನ ಹೆಗಲೇರಿತು. ಸಭೆಯಲ್ಲಿ ಚಪ್ಪಾಳೆ ಏಳಲಿಲ್ಲ.

ಮರುದಿನ ಅರ್ಧಕ್ಕರ್ಧ ಚಾಪೆಗಳು ಖಾಲಿ. ಮನೆಯವರು ಮಕ್ಕಳನ್ನು ಕಳಿಸಿರಲಿಲ್ಲ. ಬಂದವರೂ ಬಾಗಿಲ ಕಡೆ ನೋಡುತ್ತಿದ್ದರು. ಪೀಠದ ಮೇಲೆ ಕೂತ ಸುಮೇರರಿಗೆ ಹಳೆಯ ತೊದಲು ಮರಳಿತು, ಮೊದಲಕ್ಷರ ಹೊರಡಲೊಲ್ಲದು. ಆಗ ಉಪಾಧ್ಯಾಯರು ಒಳಬಂದರು. ಈ ಸಲ ಅಕ್ಷರ ಎತ್ತಿಕೊಡಲಿಲ್ಲ. ಎದುರಿನ ಖಾಲಿ ಚಾಪೆಯ ಮೇಲೆ ಕಾಲು ಮಡಿಸಿ ಕೂತು ಕೈಮುಗಿದರು.

"ನಿಧಾನವಾಗಿ ಆಗಲಿ, ಗುರೂಜೀ. ನನಗೆ ಬೇರೆ ಕೆಲಸವಿಲ್ಲ."

ಪಾಠ ಶುರುವಾಯಿತು. ಇಂದಿಗೂ ಅವರು ಬೆಳಿಗ್ಗೆ ಬಂದು ಅಲ್ಲೇ ಕೂರುತ್ತಾರೆ. ಅವರು ಕೂತಿರುವಾಗ ಎದ್ದುಹೋಗುವ ಧೈರ್ಯ ಯಾರಿಗೂ ಇಲ್ಲ. ಅವರು ಕೆಮ್ಮಿದರೂ ಪಾಠಶಾಲೆಯ ಎದೆ ಧಸಕ್ಕೆನ್ನುತ್ತದೆ. ಹಿರಿಯರಿಗೆ ದೀರ್ಘಾಯುಸ್ಸು ಕೋರುವುದು ಎಲ್ಲೆಡೆಯ ವಾಡಿಕೆ. ಇಲ್ಲಿ ಅದು ಅಂಗಲಾಚಿ ಬೇಡುವ ಬೇಡಿಕೆ. ಉಳಿದ ಚಾಪೆಗಳು ತುಂಬುವವರೆಗಾದರೂ ವಿಶ್ವನಾಥನು ಅವರನ್ನು ಅಲ್ಲಿಂದ ಏಳಿಸದಿರಲಿ.