ಝರಿಯಾದ ಮಣ್ಣಲ್ಲಿ ಕೂತ ಅಜ್ಜ

ನೆಲ ಬೆಚ್ಚಗಿತ್ತು. ಡಿಸೆಂಬರಿನ ಚಳಿಯಲ್ಲಿ ಬರಿಗಾಲಲ್ಲಿ ಅಡಿಗೆಮನೆಗೆ ಹೋದವಳು ಹೌಹಾರಿ ಹೊರಗೆ ಓಡಿಬಂದೆ. ಪಕ್ಕದ ಮನೆಯಾಕೆ ನಕ್ಕಳು: "ಕೆಳಗೆ ಕಲ್ಲಿದ್ದಲು ಹೊತ್ತಿಕೊಂಡಿದೆ. ನಮ್ಮತ್ತೆ ಮದುವೆಯಾಗಿ ಬಂದಾಗಲೂ ಉರಿಯುತ್ತಿತ್ತಂತೆ." ಹರಿಹರದಲ್ಲಿ ಹೊಳೆಯ ಮರಳು ಸುಡುವುದು ಬೇಸಿಗೆಯ ಮಧ್ಯಾಹ್ನ ಮಾತ್ರ. ಬಿಹಾರದ ಈ ಝರಿಯಾದಲ್ಲಿ ನೆಲಕ್ಕೆ ವರ್ಷವಿಡೀ ಜ್ವರ.

ದಾವಣಗೆರೆ ಜಿಲ್ಲೆಯಾದ ವರ್ಷವೇ ನನ್ನ ಗಂಡನನ್ನು ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದರು. ಒಣಹಾಕಿದ ಬಟ್ಟೆ ಕಪ್ಪು, ಮೂಗು ಒರೆಸಿದರೆ ಕಪ್ಪು. ನನ್ನ ಹಿಂದಿಗೆ ತರಕಾರಿಯವನೂ ನಗುತ್ತಿದ್ದ. ಮಂಡಕ್ಕಿಗೆ ಇಲ್ಲಿ 'ಮುಢಿ' ಅನ್ನುತ್ತಾರೆ. ಅದನ್ನು ಕಂಡ ದಿನ ಅಂಗಡಿ ಮುಂದೆಯೇ ಅತ್ತುಬಿಟ್ಟೆ. ಜೊತೆಗೆ ಮೆಣಸಿನಕಾಯಿ ಬಜ್ಜಿ? ಶಿವನೇ, ಅದನ್ನು ಮಾತ್ರ ಕೇಳಬೇಡಿ.

ವರ್ಗ ರದ್ದು ಮಾಡಿಸಿಕೊಳ್ಳಿ ಎಂದು ಎಲ್ಲರೂ ಹೇಳಿದ್ದರು. ಬೇಡ ಅಂದವಳು ನಾನೇ, ಅಜ್ಜಿಗೋಸ್ಕರ. ನನ್ನ ಅಜ್ಜ ಬಸಪ್ಪ ಆನಗೋಡಿನಲ್ಲಿ ಅಣ್ಣನ ಜೊತೆ ಜಗಳವಾಡಿ, ಎಳೆಗೂಸಾಗಿದ್ದ ನಮ್ಮಪ್ಪನನ್ನು ಬಿಟ್ಟು, ಝರಿಯಾದ ಗಣಿಗೆ ಹೋದವನು ತಿರುಗಿ ಬರಲಿಲ್ಲ. ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ ಎಂದು ಊರೇ ತೀರ್ಮಾನಿಸಿತು. ನಾನು ಹೊರಡುವಾಗ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಮನೆಯ ಬಾಗಿಲಲ್ಲಿ ಅಜ್ಜಿ ಕೈ ಹಿಡಿದುಕೊಂಡಳು. "ಸತ್ತನೋ, ಇನ್ನೊಬ್ಬಾಕಿ ಜತಿಗೆ ಅದಾನೋ, ಅಷ್ಟು ತಿಳ್ಕಂಡು ಬಾ ತಾಯಿ. ಯಾವ್ದಾದ್ರೂ ಆಗ್ಲಿ. ಗೊತ್ತಾದ್ರೆ ಸಾಕು."

ಗಣಿ ಕಚೇರಿಯಲ್ಲಿ ಸತ್ತ ಕೂಲಿಗಳ ಹಳೆಯ ಪಟ್ಟಿಗಳಿದ್ದವು, ಹಿಂದೂಗಳದ್ದೊಂದು, ಮುಸಲ್ಮಾನರದ್ದೊಂದು. ನಾನೆಂಥ ಪೆದ್ದಿ! ನಾಲ್ಕು ತಿಂಗಳು ಮೊದಲನೆಯದನ್ನೇ ತಿರುವಿದೆ. ಕೊನೆಗೆ ಬೇಸತ್ತ ಗುಮಾಸ್ತ ಎರಡನೆಯದನ್ನು ನನ್ನ ಕಡೆ ತಳ್ಳಿದ. ಅದರಲ್ಲಿತ್ತು: ಬಾಸಪ್ಪಾ, ಆನಗೋಡ್, ಚಾವಣಿ ಕುಸಿದು ಮರಣ, ದಫನ್. ದಫನ್ ಅಂದರೆ ಹೂಳುವುದು. ನಾವು ಲಿಂಗಾಯತರು ಹೆಣ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಹೂತಿದ್ದಾರೆ ಅಂದಮೇಲೆ ಮುಸಲ್ಮಾನನೇ ಇರಬೇಕು ಎಂದು ಆಗಿನ ಗುಮಾಸ್ತ ಬರೆದುಕೊಂಡಿದ್ದ.

ಖಬರಸ್ತಾನ ಕಾಯುವ ಮುದುಕ ರಹೀಮ್ ಚಾಚಾನಿಗೆ ಎಲ್ಲ ನೆನಪಿತ್ತು. "ಗುಂಡಿ ತೋಡಿದ್ದು ನಮ್ಮ ಅಬ್ಬಾ. ಸುಡಬೇಡಿ, ಕೂರಿಸಿ ಹೂಳಿ ಅಂತ ಜೀವ ಹೋಗುವ ಮುಂಚೆ ಬೇಡಿಕೊಂಡನಂತೆ. ಸ್ಮಶಾನದವರು ಹೂಳಲು ಜಾಗ ಕೊಡಲಿಲ್ಲ. ಅಬ್ಬಾ ಕೊಟ್ಟರು. ಕತ್ತಿನಲ್ಲಿದ್ದ ಕಲ್ಲನ್ನು ಅಂಗೈಯಲ್ಲಿಟ್ಟೇ ಮಣ್ಣು ಮುಚ್ಚಿದರು ಬೇಟಿ."

ಅಜ್ಜನ ಇಷ್ಟಲಿಂಗ! ಗುರುತು ಪರಿಚಯವಿಲ್ಲದವರು ಅಷ್ಟು ಮಾಡಿದ್ದರು. ಚಾಚಾ ತೋರಿಸಿದ ಜಾಗದ ಬಿರುಕುಗಳಲ್ಲಿ ಹೊಗೆ ಏಳುತ್ತಿತ್ತು. ಸುಡಬೇಡಿ ಎಂದವನನ್ನು ನೆಲವೇ ಸುಡುತ್ತಿತ್ತು.

ಎಸ್.ಟಿ.ಡಿ. ಬೂತಿಗೆ ಓಡಿ ಅಪ್ಪನಿಗೆ ಫೋನ್ ಮಾಡಿದೆ. ಓಡಿಹೋದವನ ಮಗ ಎನಿಸಿಕೊಂಡೇ ಬೆಳೆದವರು, ಎಷ್ಟು ಹಗುರಾಗುತ್ತಾರೋ ಅಂದುಕೊಂಡಿದ್ದೆ.

"ಎಲ್ಲಿ ಅಂದಿ? ಸಾಬ್ರ ಖಬರಸ್ತಾನದಾಗಾ?" ಅಪ್ಪ ದನಿ ತಗ್ಗಿಸಿದರು. "ಯಾರಿಗೂ ಹೇಳ್ಬ್ಯಾಡ. ಅವ್ವಗಂತೂ ಬ್ಯಾಡೇ ಬ್ಯಾಡ. ನಿನ್ ತಂಗಿ ಮದ್ವೆ ಮಾತು ನಡೆದೈತೆ. ಜಾತಿ ಬಿಟ್ಟಿದ್ನಂತೆ ಅಂತಾರೆ ಜನ."

"ಅಪ್ಪಾ, ಲಿಂಗ ಕೈಯಾಗಿಟ್ಟು ಹೂತಾರೆ!"

"ಪಟ್ಟಿಯಾಗೆ ಏನು ಬರ್ದೈತೆ, ಅದನ್ನ ಹೇಳು."

ನಾನು ಫೋನ್ ಇಟ್ಟೆ.

ಬೇಸಿಗೆಗೆ ದಾವಣಗೆರೆಗೆ ಹೋದೆ. ಚಪ್ಪಲಿ ಬಿಡುವ ಮುಂಚೆಯೇ ಅಜ್ಜಿ ಕೇಳಿದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಒಳಗೆ ತಂಗಿ ಸೀರೆಗೆ ಫಾಲ್ ಹೊಲಿಯುತ್ತಿದ್ದಳು. "ಸಿಗಲಿಲ್ಲ ಅಜ್ಜಿ," ಎಂದೆ. ಥೂ, ನನ್ನ ನಾಲಿಗೆಗಿಷ್ಟು!

ಅಜ್ಜಿ ಅಳಲಿಲ್ಲ. "ಹಂಗಾರೆ ಆಕಿ ಜತಿಗೇ ಅದಾನೆ. ಚಂದಾಗಿ ಇರ್ಲಿ ಬಿಡು," ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಎರಡು ದಿನ ಊಟ ಮುಟ್ಟಲಿಲ್ಲ.

ಝರಿಯಾಕ್ಕೆ ಮರಳಿದ ವಾರವೇ ಖಬರಸ್ತಾನಕ್ಕೆ ಹೋದೆ. ಚಾಚಾ ಎದ್ದು ಬಂದರು. "ನಿನ್ನ ಅಜ್ಜಿಗೆ ಹೇಳಿದೆಯಾ ಬೇಟಿ? ಏನಂದರು?"

"ಹೇಳಿದೆ ಚಾಚಾ. ನಿಮ್ಮ ಅಬ್ಬಾ ಹೆಸರು ಹೇಳಿ ಕೈಮುಗಿದರು."

ಮುದುಕ ಕಣ್ಣೊರೆಸಿಕೊಂಡ. ಅಲ್ಲೊಂದು ಸುಳ್ಳು, ಇಲ್ಲೊಂದು ಸುಳ್ಳು. ಈಗ ಎರಡೂ ಊರುಗಳಲ್ಲಿ ನನ್ನನ್ನು ಒಳ್ಳೆಯ ಹುಡುಗಿ ಅನ್ನುತ್ತಾರೆ.