ಹುಣಸೆಹಣ್ಣಿಗೆ ಬಿಟ್ಟ ಕಪ್ಪು

1999ರಲ್ಲಿ ದಸರಾ ಮುಗಿದ ವಾರ, ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ, ಸೈನ್ಯ ಮಂಜೂರು ಮಾಡಿ ಕೊಟ್ಟಿದ್ದ ಮಾದರಿ ಬಕಲ್ ಬೀರುವಿನಿಂದ ಹೊರಬಂದಾಗ ಬಂಗಾರದಂತೆ ಹೊಳೆಯುತ್ತಿತ್ತು. ಅದು ಕಪ್ಪಗಿರಬೇಕಿತ್ತು. ಅದಕ್ಕೆ ದಾರದಿಂದ ಕಟ್ಟಿದ್ದ ಅರಗಿನ ಮುದ್ರೆಯೂ ಇರಲಿಲ್ಲ.

ಆಗ ನಾನು ಬಸವಕಲ್ಯಾಣದಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ನಮ್ಮೂರಿನವರೇ ಆದ ಶೆಡ್ಡಿನ ಮಾಲೀಕರು ನನ್ನನ್ನು ಕರೆದಿದ್ದರು. ಸೈನಿಕರ ಸೊಂಟದ ಪಟ್ಟಿಗೆ ನಮ್ಮ ಕಡೆಯ ಹಿತ್ತಾಳೆ ಬಕಲ್ ಹೋಗುತ್ತದೆ ಎಂದು ಬರೆಯಲಿ ಎಂಬುದು ಅವರ ಆಸೆ. ಅದೇ ದಿನ ಹೈದರಾಬಾದಿನಿಂದ ತಪಾಸಣಾಧಿಕಾರಿ ಬಂದಿದ್ದರು. ತಯಾರಾದ ಬಕಲ್‌ಗಳ ರಾಶಿಯಿಂದ ತಮಗೆ ಬೇಕಾದ್ದನ್ನು ಎತ್ತಿ, ಮಂಜೂರಾದ ಮಾದರಿಯ ಪಕ್ಕ ಇಟ್ಟು ನೋಡುವುದು ಅವರ ಕೆಲಸ. ಬಿಸಿಲಿಗೆ ಮಿಂಚಿ ಸೈನಿಕ ಅಡಗಿರುವ ಜಾಗ ತೋರಬಾರದೆಂದು ಬಕಲ್‌ಗೆ ಕಪ್ಪು ಕೊಡುತ್ತಿದ್ದರು. ಮಾದರಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಬೀರುವಿಗೆ ಬೀಗ ಹಾಕಬೇಕು. ಅಧಿಕಾರಿಯ ಎದುರಿಗೇ ಚೀಲ ಬಿಚ್ಚಬೇಕು. ಇದು ನಿಯಮ.

ಮಾಲೀಕರು ಹೇಳಿದ್ದು ಇಷ್ಟು: ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಅವರ ತಾಯಿ ಶೆಡ್ಡಿಗೆ ಬಂದಿದ್ದರು. ಯಂತ್ರಗಳ ಜೊತೆ ಮಾದರಿಯನ್ನೂ ಪೂಜೆಗಿಡಲು ಹುಣಸೆಹಣ್ಣು ಹಚ್ಚಿ ತೊಳೆದರು. ತೊಳೆಯುವಾಗ ಮುದ್ರೆ ಕಿತ್ತುಹೋಯಿತು. ಬೀರು ತೆರೆದೇ ಇತ್ತು. ಮಾಲೀಕರು ಆಗ ಹೊರಗಿದ್ದರು.

ಅಧಿಕಾರಿ ರಾಶಿಯಿಂದ ಒಂದು ಬಕಲ್ ಎತ್ತಿ ಉಗುರಿನಿಂದ ಗೀರಿದರು. ಹಳದಿ ಗೆರೆ ಮೂಡಿತು.

"ಮಂಜೂರಾದ ಕಪ್ಪಿನ ಮ್ಯಾಲ ವಾರ್ನಿಷ್ ಇರ್ತದ," ಎಂದರು. "ಅದು ಹುಣಚಿಹಣ್ಣಿಗೆ ಬಿಡಂಗಿಲ್ಲ. ಬಿಟ್ಟಿತಂದ್ರ ಅದು ನಮ್ಮ ಸ್ಯಾಂಪಲ್ಲೇ ಅಲ್ಲ."

ಯಾರೋ ಮಾದರಿಯನ್ನೇ ಬದಲಿಸಿ, ಅಗ್ಗದ ಕಪ್ಪಿಗೆ ಅಗ್ಗದ ಕಪ್ಪನ್ನೇ ಹೋಲಿಸುವಂತೆ ಮಾಡಿದ್ದರೆ, ಮಾಲೀಕರ ಹೆಸರು ಸರಬರಾಜುದಾರರ ಪಟ್ಟಿಯಿಂದ ಹೋಗುತ್ತಿತ್ತು. ತಾಯಿಯನ್ನೇ ಕೇಳೋಣವೆಂದು ಅಧಿಕಾರಿ ಜೀಪು ಹತ್ತಿದರು. ಹಿಂದಿನ ಸೀಟಿನಲ್ಲಿ ನಾನಿದ್ದೆ. ಬಸವಕಲ್ಯಾಣದ ಮನೆ ತಲುಪುವವರೆಗೆ ಮಾಲೀಕರು ಬೆಲೆ, ರಸ್ತೆ, ಕರೆಂಟು ಎಲ್ಲದರ ಬಗ್ಗೆ ಮಾತಾಡಿದರು. ಬಕಲ್ ಬಗ್ಗೆ ಮಾತ್ರ ಆಡಲಿಲ್ಲ.

ತಾಯಿ ಪಡಸಾಲೆಯಲ್ಲಿ ಚಾಪೆ ಹಾಸಿ ಚಹಾ ತರಿಸಿದರು. ತೊಳೆದದ್ದು ತಾವೇ ಎಂದು ಕೇಳುವ ಮೊದಲೇ ಒಪ್ಪಿಕೊಂಡರು. ಹೋದ ವರ್ಷ ಚೀಲಕ್ಕೇ ಕುಂಕುಮ ಹಚ್ಚಿದ್ದರಂತೆ.

"ಈ ವರ್ಷ ಚೀಲದಿಂದ ಯಾರು ತೆಗೆದ್ರವ್ವಾ?" ಅಧಿಕಾರಿ ಕೇಳಿದರು.

"ನಾನೇ. ಮಗನ ಕಡಿಂದ ಕೀಲಿ ಇಸ್ಕೊಂಡು ತೆಗೆದೆ. ಅನ್ನ ಕೊಡೋ ಸಾಮಾನು, ಕರ್ರಗ ಇಟ್ಟು ಪೂಜಾ ಮಾಡ್ತಾರೇನ್ರಿ?"

"ನಿಮ್ಮ ಕೈಗಿ ಕೊಟ್ರ ಸೈನ್ಯದ ತೋಪು ಸೈತ ಬೆಳ್ಳಗ ಮಾಡ್ತೀರಿ," ಎಂದರು ಅಧಿಕಾರಿ.

ಆಕೆ ನಕ್ಕರು. "ಹುಣಚಿಹಣ್ಣು ಹಚ್ಚಿ ಒಂದೆರಡು ಸಲ ತಿಕ್ಕಿದೆ ನೋಡ್ರಿ, ಕರಿ ಬಿಟ್ಟೇಬಿಟ್ಟಿತು."

ಮಗ ನಡುವೆ ಬಾಯಿ ಹಾಕಿದರು. "ಇಟ್ಟಂಗಿ ಪುಡಿ ಹಾಕಿ ತಿಕ್ಕಿರಬೇಕಲ್ಲವ್ವಾ. ನೆನಪು ಮಾಡ್ಕೋ."

"ಇಟ್ಟಂಗಿ ಪುಡಿ ಯಾಕ ಹಾಕ್ಲಿ? ಪೂಜಾದ ಸಾಮಾನಿಗಿ ಗೀರು ಬೀಳಂಗಿಲ್ಲೇನು?"

ತೆರೆದಿತ್ತೆಂದು ಮಗ ಹೇಳಿದ್ದ ಬೀರುವಿಗೆ ತಾಯಿಯ ಮಾತಿನಲ್ಲಿ ಕೀಲಿ ಇತ್ತು. ಅಧಿಕಾರಿ ಆ ಮಾತು ಎತ್ತುತ್ತಾರೆಂದು ಕಾದೆ. ಅವರು ತಟ್ಟೆಗೆ ಚಹಾ ಸುರಿದು, ಆರಿಸಿ, ನಿಧಾನವಾಗಿ ಕುಡಿದರು. ಪೂಜೆ ಮಾಡುವುದು ತಪ್ಪಲ್ಲ, ಆದರೆ ಸರ್ಕಾರದ ವಸ್ತುವನ್ನು ಮುಟ್ಟಬಾರದು ಎಂದು ಆಕೆಗೆ ಹೇಳಿದರು.

ಜೀಪಿನ ಬಳಿ ಅವರನ್ನು ಒಂದೇ ಪ್ರಶ್ನೆ ಕೇಳಿದೆ. ಇದಕ್ಕೆ ಹಿಂದೆ ಪಾಸು ಮಾಡಿ ಕಳಿಸಿದ ಮಾಲನ್ನು ಯಾವುದರ ಪಕ್ಕ ಇಟ್ಟು ನೋಡಿದ್ದಿರಿ?

"ಇದರ ಪಕ್ಕಾನೇ," ಎಂದರು. ಜೀಪು ಹತ್ತಿ, "ಆಗ ಮುದ್ರೆ ಇತ್ತು," ಎಂದು ಸೇರಿಸಿದರು. ಮುದ್ರೆಯನ್ನು ಯಾರು ಪರೀಕ್ಷಿಸಿದ್ದರು ಎಂದು ಕೇಳುವಷ್ಟರಲ್ಲಿ ಚಾಲಕ ಜೀಪು ಶುರು ಮಾಡಿದ್ದ.

ಹೊಳೆಯುವ ಬಕಲ್ ಅಧಿಕಾರಿಯ ಅಂಗಿಯ ಜೇಬಿನಲ್ಲಿ ಹೋಯಿತು. ಪೂಜೆಯ ವೇಳೆ ಆಕಸ್ಮಿಕವಾಗಿ ಮಾದರಿ ಹಾಳಾಯಿತು ಎಂದು ಇಲಾಖೆ ತೀರ್ಮಾನಿಸಿತೆಂದು ಆಮೇಲೆ ಮಾಲೀಕರೇ ತಿಳಿಸಿದರು. ಇಲಾಖೆಯ ಕಚೇರಿಗೆ ಫೋನ್ ಮಾಡಿ ಕೇಳಿದಾಗ ಹೌದೆಂದರು, ಬೇರೇನೂ ಹೇಳಲಿಲ್ಲ. ಮಾದರಿ ಹಾಳಾದದ್ದು, ಮಾಲು ತಡೆಹಿಡಿದದ್ದು, ಇಷ್ಟು ಪತ್ರಿಕೆಯಲ್ಲಿ ಬಂತು. ವಾರ್ನಿಷ್ ಮಾತನ್ನೂ ಬರೆದಿದ್ದೆ. ಅದು ಅಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದು, ದೃಢಪಟ್ಟಿಲ್ಲವೆಂದು ಪತ್ರಿಕೆಯ ಡೆಸ್ಕಿನವರು ತೆಗೆದರು. ಕೆಲವು ತಿಂಗಳಲ್ಲಿ ಹೊಸ ಮಾದರಿ ಬಂತು. ತಡೆಹಿಡಿದ ಮಾಲು ಶೆಡ್ಡಿನಿಂದ ಹೊರಟಿತು. ಅದನ್ನು ಮತ್ತೆ ಪರೀಕ್ಷಿಸಿದ್ದು ಅದೇ ಅಧಿಕಾರಿ.

2004ರ ಖಂಡೇಪೂಜೆಗೆ ಆ ಶೆಡ್ಡಿಗೆ ಹೋಗಿದ್ದೆ. ಸೈನ್ಯದ ಸರಬರಾಜುದಾರರು ಎಂಬ ಫಲಕ ಬಾಗಿಲ ಮೇಲಿತ್ತು. ಯಂತ್ರಗಳ ಮುಂದೆ ಹೊಸ ಮಾದರಿಯ ಚೀಲ ಇಟ್ಟಿದ್ದರು. ಚೀಲಕ್ಕೆ ಕುಂಕುಮ ಹಚ್ಚಿದ್ದರು. ತಾಯಿ ಪಕ್ಕದಲ್ಲಿ ಕುಳಿತು ಹೂ ಕಟ್ಟುತ್ತಿದ್ದರು. ಒಳಗಿನ ಬಕಲ್ ನೋಡಬಹುದೇ ಎಂದು ಮಾಲೀಕರನ್ನು ಕೇಳಿದೆ.

"ಸಾಹೇಬ್ರ ಎದುರಿಗೇ ಬಿಚ್ಚಬೇಕ್ರಿ," ಎಂದರು. "ನಿಯಮ ಅದ."